ಏಳು ಒಂದುಗಳ ಮೇಷ್ಟ್ರು

ಅವರ ಬಲಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತ್ತಂತೆ. ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಸೀಮೆಸುಣ್ಣ ಹಿಡಿದು, ಮುಳಬಾಗಿಲಿನ ನಮ್ಮ ಮಿಡ್ಲ್ ಸ್ಕೂಲಿನ ಬೋರ್ಡಿನ ಮೇಲೆ ಒತ್ತಿ ಒತ್ತಿ ಬರೆಯುತ್ತಿದ್ದರು: ೧೧೧೧೧೧೧.

"ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು. ಯಾವುದರಿಂದಲೂ ಭಾಗ ಹೋಗಲ್ಲ. ಬಲು ಹಟಮಾರಿ ಕಣ್ರೋ ಇದು" ಎನ್ನುವಾಗ ಸದಾ ಗಂಟಿಕ್ಕಿರುತ್ತಿದ್ದ ಅವರ ಹುಬ್ಬು ಸಡಿಲವಾಗುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದ ಒಂಟಿ ಮನುಷ್ಯ. ಲೆಕ್ಕ ಬಿಟ್ಟರೆ ಬೇರೆ ಮಾತಿರಲಿಲ್ಲ.

ಆ ಬೇಸಿಗೆ ಶ್ರೀನಿವಾಸಪುರದ ಅಜ್ಜಿಯ ಮಾವಿನ ತೋಪಿನಲ್ಲಿ ಸ್ಲೇಟು ಹಿಡಿದು ಕೂತೆ. ಮೂರು, ಏಳು, ಹನ್ನೊಂದು, ಹದಿಮೂರು ಎಂದು ಒಂದೊಂದರಿಂದಲೂ ಭಾಗಿಸುತ್ತ ಹೋದೆ. ನೂರು ದಾಟಿತು, ಇನ್ನೂರು ದಾಟಿತು. ಇನ್ನೂರ ಮೂವತ್ತೊಂಬತ್ತಕ್ಕೆ ಶೇಷ ಸೊನ್ನೆ ಬಂತು. ನಂಬಲಾರದೆ ನಾಲ್ಕು ಸಲ ಮಾಡಿದೆ.

ಸ್ಕೂಲು ತೆರೆದ ದಿನ ಬೋರ್ಡಿನ ಮೇಲೆ ಬರೆದು ತೋರಿಸಿದೆ: ೨೩೯ × ೪೬೪೯.

"ಯಾರೇ ಮಾಡಿಕೊಟ್ಟಿದ್ದು?"

"ನಾನೇ ಮಾಡ್ದೆ ಸಾರ್."

"ಸುಳ್ಳು ಬೇರೆ ಹೇಳ್ತೀಯಾ? ಹೊರಗೆ ನಿಂತ್ಕೋ!"

ಗುಣಿಸಿ ಕೂಡ ನೋಡದೆ ಒರೆಸಿಬಿಟ್ಟರು. ಸಂತೆಗೆ ಹೊರಟಿದ್ದ ಅಪ್ಪನಿಗೆ ಬಾಗಿಲ ಹೊರಗೆ ಅಳುತ್ತ ನಿಂತ ಮಗಳು ಕಂಡಳು. "ಇಂಕ ಚಾಲು. ಓದಿದ್ದು ಸಾಕು, ನಡಿ" ಎಂದು ಮನೆಯ ತೆಲುಗು ಬೆರೆಸಿ ಗದರಿ, ಕೈ ಹಿಡಿದು ಕರೆದೊಯ್ದರು. ಮತ್ತೆ ನಾನು ಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ. ಮುಂದಿನ ವರ್ಷ ಮಾಲೂರಿನಾಚೆ ಲಕ್ಕೂರಿಗೆ ಮದುವೆ ಮಾಡಿಕೊಟ್ಟರು.

ಅಲ್ಲಿಗೆ ಬಂದು ಒಂದು ವರ್ಷವಾಗಿರಬೇಕು. ರಾಗಿ ಬೀಸುತ್ತಿದ್ದೆ. "ಯಾರೋ ಮೇಷ್ಟ್ರಂತೆ, ಬಂದವ್ರೆ" ಎಂದರು ಅತ್ತೆ. ಹೊರಬಂದು ನೋಡಿದರೆ ಅವರೇ. ಇಳಿದುಹೋಗಿದ್ದರು, ಬಿಡದ ಕೆಮ್ಮು. ಜಗಲಿಯ ಮೇಲೆ ಕೂರಿ ಎಂದರೂ ಕೂರಲಿಲ್ಲ.

"ಅವತ್ತೇ ಮನೆಗೆ ಹೋಗಿ ಗುಣಿಸ್ದೆ ಕಣಮ್ಮ. ಸರಿಯಾಗೇ ಇತ್ತು. ನಾನು ನೂರರ ತನಕ ನೋಡಿ ಬಿಟ್ಬಿಟ್ಟಿದ್ದೆ. ಮಾರನೇ ದಿನ ನೀನು ಬರಲಿಲ್ಲ. ನಿಮ್ಮಪ್ಪನ ಹತ್ರ ಬಂದು ಹೇಳ್ಬಹುದಿತ್ತು. ನಾಚಿಕೆ ಬಿಡಲಿಲ್ಲ."

ಹೋಗಲಿ ಬಿಡಿ ಸಾರ್ ಎನ್ನಬೇಕಿತ್ತು. ಆದರೆ ನಾನು ಕೇಳಿದ್ದು ಇಷ್ಟೇ: "ಸಾರ್, ಆ ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು, ಅದು ಇನ್ನೂ ಒಡೆಯುತ್ತಾ?"

"ಇಲ್ಲ ಕಣಮ್ಮ. ಈ ಸಲ ಪೂರ್ತಿ ನೋಡಿದೀನಿ" ಎಂದರು. ಅವರ ಕಣ್ಣು ತುಂಬಿತ್ತು. ಒಂದು ಲೋಟ ಮಜ್ಜಿಗೆ ಕುಡಿದು, ಮಾಲೂರಿನ ದಾರಿ ಹಿಡಿದು ನಡೆದೇ ಹೋದರು.

ಆ ಚಳಿಗಾಲ ಕಳೆಯಲಿಲ್ಲ, ತೀರಿಕೊಂಡರು. ಸುದ್ದಿ ತಂದ ನನ್ನ ತಮ್ಮ ಇನ್ನೊಂದನ್ನೂ ಹೇಳಿದ. ಕೊನೆಯ ವರ್ಷವೂ ತರಗತಿಯಲ್ಲಿ ಆ ಸಂಖ್ಯೆ ಬರೆದು, "ಇದನ್ನ ಒಡೆದೋಳು ಇದೇ ಬೆಂಚಲ್ಲಿ ಕೂತಿದ್ದ ಹುಡುಗಿ. ನಾನು ಅವಳನ್ನ ಹೊರಗೆ ನಿಲ್ಲಿಸ್ದೆ" ಎಂದಿದ್ದರಂತೆ. ಕೇಳಿ ಸಮಾಧಾನವೇನೂ ಆಗಲಿಲ್ಲ. ಹೋದ ಓದು ಹೋಗಿತ್ತು. ಆದರೂ ಅವರನ್ನು ಪೂರ್ತಿ ದ್ವೇಷಿಸಲು ಈವರೆಗೂ ನನ್ನಿಂದಾಗಿಲ್ಲ. ಲಕ್ಕೂರಿನ ಆ ಮನೆಗೆ ನನ್ನನ್ನು ಕೇಳಿಕೊಂಡು, ನಾನು ಮಾಡಿದ ಒಂದು ಲೆಕ್ಕದ ಸಲುವಾಗಿ ಅಷ್ಟು ದೂರ ಬಂದವರು ಅವರೊಬ್ಬರೇ.