ಹೊಟ್ಟೆಯ ರೋಗಕ್ಕೆ ತೊಡೆಯ ಸ್ಕ್ಯಾನಿಂಗ್

ಓದುವವರಿಗೆಲ್ಲ ನಮಸ್ಕಾರ. ಮೂವತ್ತೈದು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು ನಾನು. ಒಂದೇ ಬೆರಳಿನಲ್ಲಿ ಮೊಬೈಲ್ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಿರಿಯೂರಿನ ಕೊಬ್ಬರಿ ಮಂಡಿಯಲ್ಲಿ ತೂಕ ಮಾಡುವುದು ನನ್ನ ಕೆಲಸ. ತಂದವರು ಯಾರೇ ಆಗಲಿ, ಚೀಲದಿಂದ ಒಂದು ಕೊಬ್ಬರಿ ಒಡೆದು ನೋಡದೆ ತೂಗುವವನಲ್ಲ. ಹಸಿ ಇದ್ದರೆ ನೀರಿನ ತೂಕ ಸೇರಿರುತ್ತದೆ.

ಅಣ್ಣನಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾದಾಗ ಪಥ್ಯ ಹಿಡಿಸಿದವನೂ ನಾನೇ. ನಮ್ಮ ಮನೆಯಲ್ಲಿ ಕಾಮಾಲೆಗೆ ಮಾಡುವ ಪಥ್ಯವೇ: ಬೇಳೆ ಇಲ್ಲ, ಶೇಂಗಾ ಇಲ್ಲ, ಹಾಲು ಇಲ್ಲ. ಗಂಜಿ, ನೀರುಮಜ್ಜಿಗೆ ಅಷ್ಟೇ. ಅತ್ತಿಗೆ ಕದ್ದು ಬೇಳೆ ಹಾಕುತ್ತಾಳೇನೋ ಎಂದು ಪಾತ್ರೆ ಮುಚ್ಚಳ ತೆಗೆದು ನೋಡುತ್ತಿದ್ದೆ.

“ಲೇ, ಕಾಯಿಲೆಗಿಂತ ಮೊದ್ಲು ನಿನ್ ಗಂಜಿನೇ ನನ್ನ ಕರ್ಕಂಡು ಹೋಗ್ತೈತೆ ಕಣೋ” ಎನ್ನುತ್ತಿದ್ದ ಅಣ್ಣ.

ಪ್ರತಿ ಸೋಮವಾರ ಅವನನ್ನು ಮಂಡಿಯ ತೂಕದ ಮಿಷನ್ ಮೇಲೆ ನಿಲ್ಲಿಸುತ್ತಿದ್ದೆ. ಅರವತ್ತೆರಡು ಕೆಜಿ. ಎರಡು ತಿಂಗಳಾದರೂ ಅರವತ್ತೆರಡೇ. ಪಥ್ಯ ಹಿಡಿದಿದೆ ಎಂದುಕೊಂಡೆ.

ಚಿತ್ರದುರ್ಗದ ಆಸ್ಪತ್ರೆಯೊಂದಕ್ಕೆ ವಾರಕ್ಕೊಮ್ಮೆ ಬೇರೆ ಊರಿನಿಂದ ಬರುವ ಕ್ಯಾನ್ಸರ್ ಡಾಕ್ಟರಮ್ಮನಿಗೆ, ಎರಡು ತಿಂಗಳ ಮೇಲೆ ಸರದಿ ಸಿಕ್ಕಾಗ, ತೋರಿಸಿದೆವು. ಹೊಟ್ಟೆ ಸ್ಕ್ಯಾನಿಂಗ್ ಮುಗಿಸಿದವರು, ಅಣ್ಣನ ಪಂಚೆ ಸರಿಸಿ ತೊಡೆಗೂ ಜೆಲ್ ಹಚ್ಚಿದರು. ನನಗೆ ಅನುಮಾನ ಬಂತು. ಹೊಸ ಮಿಷನ್ ಬಂದಿದೆ, ನಮ್ಮಂಥವರ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದಾರೆ ಎನ್ನಿಸಿತು.

“ಮೇಡಂ, ರೋಗ ಇರೋದು ಹೊಟ್ಟಿಯಾಗೆ. ತೊಡೆ ಯಾಕ್ ನೋಡ್ತೀರಿ?”

“ಸ್ನಾಯು ಎಷ್ಟು ಉಳಿದಿದೆ ನೋಡ್ಬೇಕು. ತುಂಬ ಕರಗಿದ್ರೆ ಔಷಧಿ ಶುರು ಮಾಡೋಕಾಗಲ್ಲ. ಮೈ ತಡ್ಕೊಳಲ್ಲ.”

“ಕರಗೋದೆಲ್ಲಿ ಬಂತು? ತೂಕ ಒಂದು ಗ್ರಾಂ ಇಳಿದಿಲ್ಲ” ಎಂದು ಬರೆದಿಟ್ಟಿದ್ದ ಚೀಟಿ ತೋರಿಸಿದೆ.

ಅವರು ಅಣ್ಣನ ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟರು. “ಇಲ್ಲಿ ನೀರು ತುಂಬ್ತಾ ಇದೆ, ತೊಡೇಲಿ ಮಾಂಸ ಇಳೀತಾ ಇದೆ. ಎರಡೂ ಸೇರಿ ಅರವತ್ತೆರಡು.”

ಮಲಗಿದ್ದ ಅಣ್ಣ ನಕ್ಕ. “ಹಸಿ ಕೊಬ್ಬರಿ ತೂಗಿದೀಯ ನೋಡು.”

ಆದರೂ ನನಗೆ ನಂಬಿಕೆ ಬರಲಿಲ್ಲ. ಮಂಡಿಗೆ ಹೊಸ ತಕ್ಕಡಿ ಬಂದರೆ ತೂಕ ಗೊತ್ತಿರುವ ಕಲ್ಲನ್ನಿಟ್ಟು ಪರೀಕ್ಷೆ ಮಾಡುವುದು ನಮ್ಮ ರೂಢಿ. “ನನ್ ತೊಡೆನೂ ನೋಡ್ರಿ” ಎಂದು ಪ್ಯಾಂಟು ಮಡಚಿದೆ. ಡಾಕ್ಟರಮ್ಮ ಬೈಯಲಿಲ್ಲ, ಮಿಷನ್ ಇಟ್ಟು ತೋರಿಸಿದರು. ನನ್ನದರಲ್ಲಿ ಚರ್ಮಕ್ಕೂ ಮೂಳೆಯ ಬಿಳಿ ಗೆರೆಗೂ ನಡುವೆ ದಪ್ಪನೆಯ ಕಪ್ಪು ಪಟ್ಟಿ, ಅದೇ ಸ್ನಾಯುವಂತೆ. ಅಣ್ಣನದರಲ್ಲಿ ಅದರ ಅರ್ಧವೂ ಇರಲಿಲ್ಲ. ಒಂದೇ ತಾಯಿ ಮಕ್ಕಳು, ಎರಡೇ ವರ್ಷದ ಅಂತರ.

“ಊಟ ಏನು ಕೊಡ್ತಿದ್ದೀರಿ?”

ಅಣ್ಣ ನನ್ನ ಹೆಸರು ಹೇಳಲಿಲ್ಲ. ಚಾವಣಿ ನೋಡುತ್ತ ಮಲಗಿದ್ದ. ನಾನೇ ಹೇಳಿದೆ.

ಡಾಕ್ಟರಮ್ಮ ಅಣ್ಣನ ತೊಡೆಯ ಜೆಲ್ ಒರೆಸಿದರು. ಆಮೇಲೆ, ಉಪ್ಪು ಮಾತ್ರ ಕಡಿಮೆ ಮಾಡಿ, ಬೇಳೆ, ಹಾಲು, ಮೊಸರು, ಶೇಂಗಾ ಎಲ್ಲ ಸ್ವಲ್ಪ ಸ್ವಲ್ಪ ದಿನಕ್ಕೆ ಐದಾರು ಸಲ ಕೊಡಿ, ದಿನಾ ಓಡಾಡಿಸಿ, ತಿಂಗಳಾದ ಮೇಲೆ ಮತ್ತೆ ನೋಡಿ ಔಷಧಿಯ ಮಾತು ಎಂದರು.

ಆ ತಿಂಗಳೆಲ್ಲ ನಾನು ಪಾತ್ರೆಯ ಮುಚ್ಚಳ ತೆಗೆದದ್ದು ಬೇಳೆ ಇದೆಯೋ ಇಲ್ಲವೋ ಎಂದು ನೋಡಲಿಕ್ಕೆ. ಅತ್ತಿಗೆ ತಾನೇ ಸೌಟಿನಿಂದ ಕಲಕಿ ಬೇಳೆ ತೋರಿಸುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ವಾಸಿಯಿತ್ತು.

ತಿಂಗಳಾದ ಮೇಲೆ ತೊಡೆ ಮತ್ತೆ ನೋಡಿದರು. “ಇಳಿದಿಲ್ಲ. ಒಂಚೂರು ಏರಿದೆ. ಶುರು ಮಾಡೋಣ.”

“ಇನ್ನೊಂದ್ಸಲ ನೋಡ್ರಿ ಮೇಡಂ” ಎಂದೆ.

“ದೇವ್ರೇ ಕೊಬ್ಬರಿ ತಂದ್ರೂ ಇವ್ನು ಒಡೆದೇ ನೋಡಾದು” ಎಂದ ಅಣ್ಣ. ಅವರು ಮತ್ತೊಮ್ಮೆ ಇಟ್ಟು ನೋಡಿದರು. ಅಷ್ಟೇ ಇತ್ತು.

ಔಷಧಿ ಶುರುವಾಗಿದೆ. ಮುಂದೆ ಹೇಗೋ ಗೊತ್ತಿಲ್ಲ. ಪಥ್ಯ ಮಾಡಿಸದೆ ಇದ್ದಿದ್ದರೆ ಒಂದು ತಿಂಗಳು ಮೊದಲೇ ಶುರುವಾಗುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಒಳ್ಳೆಯದಕ್ಕೆಂದೇ ಹೀಗೆ ಪಥ್ಯ ಮಾಡಿಸಿದ್ದರೆ, ಏನಾಯಿತು ಎಂದು ಬರೆಯಿರಿ. ಓದುವುದು ನಿಧಾನ, ಆದರೆ ಒಂದನ್ನೂ ಬಿಡದೆ ಓದುತ್ತೇನೆ.