‘ಆಗಲ್ಲ’ ಎನ್ನಲು ಕಲಿಸುವ ಪಿ.ಟಿ. ಮೇಡಂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಮೈದಾನದಲ್ಲಿ ಪಿ.ಟಿ. ಮೇಡಂ ಒಬ್ಬರೇ ಬೆಂಚು ಎಳೆಯುತ್ತಿದ್ದಾರೆ. ಫ್ರಿಜ್ಜಿನ ರಟ್ಟಿನ ಡಬ್ಬ ಕತ್ತರಿಸಿ ಮಾಡಿದ ಮರೆಯನ್ನು ಬೆಂಚಿನ ಮೇಲೆ ನಿಲ್ಲಿಸಿ, ಗಾಳಿಗೆ ಮಗುಚದಿರಲೆಂದು ಒಳಗೊಂದು ಇಟ್ಟಿಗೆ ಇಡುತ್ತಾರೆ. ಹೈಜಂಪಿನ ಕಂಬಗಳಿಗೆ ಹಗ್ಗ ಕಟ್ಟಿದರೆ ಕ್ಯೂ ತಯಾರು. ಮತಪೆಟ್ಟಿಗೆಯೆಂದರೆ ಮನೆಯಿಂದ ತಂದ ತಗಡಿನ ಡಬ್ಬ. ಅದಕ್ಕೆ ಅರಗಿನ ಮುದ್ರೆ ಹಾಕುವುದನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ.

ಗೇಟಿನಿಂದ ಒಬ್ಬೊಬ್ಬರೇ ಬರುತ್ತಾರೆ. ಪ್ರೈಮರಿ ಶಾಲೆಯ ಟೀಚರುಗಳು, ನೀರು ಸರಬರಾಜು ಕಚೇರಿಯ ಗುಮಾಸ್ತರು, ಒಬ್ಬ ಪಶುವೈದ್ಯ. ಪಕ್ಕದ ಪಟ್ಟಣದ ಚುನಾವಣೆಗೆ ಎರಡು ವಾರವಿದೆ. ಮತಗಟ್ಟೆಯ ಮೇಜಿನ ಹಿಂದೆ ಕೂರಬೇಕಾದವರು ಇವರೇ. ಇಲ್ಲಿಗೆ ಬನ್ನಿ ಎಂದು ಇವರಿಗೆ ಯಾರೂ ಆದೇಶ ಕೊಟ್ಟಿಲ್ಲ. ತಾವಾಗಿಯೇ ಬಂದಿದ್ದಾರೆ.

ಮೊದಲ ‘ಮತದಾರೆ’ ಮೇಡಂ ಅವರ ಅತ್ತೆ. ವಯಸ್ಸಾದರೂ ಕಣ್ಣು, ಕಿವಿ ಎರಡೂ ಚುರುಕು. ಹಿಂದೆಯೇ ನುಗ್ಗುವ ‘ಪುಢಾರಿ’ ಮೇಡಂ ಅವರ ಗಂಡ, ಬಸ್ ಕಂಡಕ್ಟರ್.

“ಅಮ್ಮಂಗೆ ಕಣ್ಣು ಕಾಣಲ್ಲ ಸಾರ್, ನಾನೇ ಗುರುತು ಹಾಕ್ತೀನಿ” ಎನ್ನುತ್ತ ಅವರು ಅತ್ತೆಯ ರಟ್ಟೆ ಹಿಡಿದು ಮರೆಯತ್ತ ನಡೆದೇಬಿಡುತ್ತಾರೆ.

ಮೇಜಿನ ಹಿಂದೆ ಕೂತ ಪಶುವೈದ್ಯ ಅರ್ಧ ಎದ್ದು ಗೊಣಗುತ್ತಾನೆ. “ಸ್ವಲ್ಪ... ದಯವಿಟ್ಟು...”

ಪಿ.ಟಿ. ಮೇಡಂ ಸೀಟಿ ಊದುತ್ತಾರೆ. “ಡಾಕ್ಟ್ರೇ, ಹೋರಿ ಹಾಯೋಕೆ ಬಂದ್ರೂ ಹಿಂಗೇ ದಯವಿಟ್ಟು ಅಂತೀರಾ? ಮೊದಲು ಎದ್ದು ನಿಲ್ಲಿ. ಅಮ್ಮನ್ನೇ ಕೇಳಿ, ಕಣ್ಣು ಕಾಣುತ್ತಾ ಅಂತ. ಕಾಣುತ್ತೆ ಅಂದ್ರೆ ಇವರಿಗೆ ಹೇಳಿ: ಆಗಲ್ಲ, ಹೊರಗೆ ನಡೀರಿ. ದನಿ ಗೇಟಿನ ತನಕ ಮುಟ್ಟಬೇಕು.”

“ನನಗೆ ಕಣ್ಣು ಚೆನ್ನಾಗೇ ಕಾಣುತ್ತಪ್ಪ” ಎಂದು ಅತ್ತೆ ನಡುವೆ ಬಾಯಿ ಹಾಕುತ್ತಾರೆ. “ಇವನ ಮುಖ ನೋಡಿ ನೋಡಿ ಸಾಕಾಗಿದೆ, ಕಳಿಸಿ ಆಚೆ.” ಮೈದಾನವೆಲ್ಲ ನಗು. ಪಶುವೈದ್ಯ ಮೂರನೇ ಸಲಕ್ಕೆ ನಿಜಕ್ಕೂ ಗದರುತ್ತಾನೆ. ಮರದ ಮೇಲಿನ ಕಾಗೆಗಳೂ ಹಾರುತ್ತವೆ.

ನಿಯಮಗಳನ್ನು ಬಾಯಿಪಾಠ ಮಾಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಇವರು ಕಲಿಸುವುದು ಆ ನಿಯಮ ಮುರಿಯಲು ಬಂದವನ ಮುಖ ನೋಡಿ ಮಾತಾಡುವುದನ್ನು. ಅದಕ್ಕೆ ಕಾರಣವಾದದ್ದು ಅವರ ಮೊದಲ ಚುನಾವಣೆ ಕೆಲಸ. ಆಗ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಬೆರಳಿಗೆ ಶಾಯಿ ಹಚ್ಚಲು ಕೂರಿಸಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕು ಗಂಡಸರು ಒಳಗೆ ಬಂದು ಬಾಗಿಲು ಹಾಕಿಕೊಂಡರು. ಮತಪತ್ರದ ಕಟ್ಟು ಎಳೆದುಕೊಂಡು ತಾವೇ ಗುರುತು ಹಾಕಿ ಹಾಕಿ ಪೆಟ್ಟಿಗೆಗೆ ತುರುಕಿದರು.

“ನಮ್ಮ ಮತಗಟ್ಟೆ ಅಧಿಕಾರಿ ಮೇಜು ನೋಡ್ತಾ ಕೂತ್ಬಿಟ್ರು. ಕೆಟ್ಟವರಲ್ಲ, ಪಾಪದವರು. ಹೆದರಿದ್ರು ಅಷ್ಟೇ. ನಾನು ಕೂಗಾಡಿದೆ. ಒಬ್ಬ ನನ್ನ ಕೈಯಿಂದ ಶಾಯಿ ಬಾಟ್ಲಿ ಕಿತ್ಕೊಂಡು, ಕೂತ್ಕೊಳಮ್ಮ ಅಂದ. ಆಮೇಲೆ ಬಾಗಿಲು ತೆಗೆದಾಗ ಒಬ್ಬಳು ಬಸುರಿ ಬಂದಳು. ಬಿಸಿಲಲ್ಲಿ ಅಷ್ಟು ಹೊತ್ತು ನಿಂತಿದ್ದಳು. ನಿಂದು ಆಗ್ಲೇ ಬಿದ್ದಿದೆ, ಮನೆಗೆ ಹೋಗು ಅಂದ್ರು. ಅವಳು ತನ್ನ ಬೆರಳು ನೋಡ್ಕೊಂಡು ಹೋದಳು.”

ಸಂಜೆ ಎಲ್ಲರೂ ‘ಶಾಂತಿಯುತ ಮತದಾನ’ ಎಂದು ಒಪ್ಪಿಕೊಂಡಾಗ, ತಪಾಸಣೆಗೆ ಬಂದ ಅಧಿಕಾರಿಯ ಜೀಪಿಗೆ ಅಡ್ಡ ನಿಂತವರು ಇವರೊಬ್ಬರೇ. ನಡೆದದ್ದನ್ನೆಲ್ಲ ಬೀದಿಯಲ್ಲೇ ಗಟ್ಟಿಯಾಗಿ ಹೇಳಿದರು. ಕ್ಯೂನಲ್ಲಿದ್ದವರೂ ದನಿಗೂಡಿಸಿದರು. ಮರುಮತದಾನವಾಯಿತು. ಬಸುರಿ ಹೆಂಗಸು ಬಂದು ಮತ ಹಾಕಿದಳಂತೆ. ಮೇಡಂ ಅದನ್ನು ನೋಡಲಿಲ್ಲ. ಅಷ್ಟರಲ್ಲಿ ಅವರನ್ನು ಬಸ್ಸೂ ಹೋಗದ ಶಾಲೆಯೊಂದಕ್ಕೆ ಎತ್ತಂಗಡಿ ಮಾಡಿಯಾಗಿತ್ತು.

“ಅಳಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ಅಲ್ಲಿ ಹೋಗಿ ಯೋಚನೆ ಮಾಡಿದೆ. ಆ ಅಧಿಕಾರಿಗೆ ಮೊದಲೇ ಒಂದ್ಸಲ ಯಾರಾದ್ರೂ ಸುಮ್ಮನೆ ನಾಟಕಕ್ಕಾದ್ರೂ ಹೆದರಿಸಿದ್ದಿದ್ರೆ, ಅವತ್ತು ಬಾಯಿ ಬರ್ತಿತ್ತೇನೋ.”

ಮುಂದೆ ಚುನಾವಣಾ ಸಿಬ್ಬಂದಿಗೆ ತರಬೇತುದಾರರಾದಾಗಿನಿಂದ ಪ್ರತಿ ಚುನಾವಣೆಗೂ ಅವರ ತರಬೇತಿ ಹೀಗೇ. ಯಾರ ಕಣ್ಣನ್ನೂ ಇದು ಕುಕ್ಕಿರಲಿಲ್ಲ, ಈ ಸಲದವರೆಗೆ. ಕಳೆದ ತಿಂಗಳು ಇದೇ ಊರಿನ ಪುರಸಭೆ ಚುನಾವಣೆಗೆ ಮುಂಚೆ ಹಾಲಿ ಸದಸ್ಯರೊಬ್ಬರು ದೂರು ಕೊಟ್ಟರು: ಈಕೆ ಸಿಬ್ಬಂದಿಯನ್ನು ನಮ್ಮ ಮೇಲೆ ಎತ್ತಿಕಟ್ಟುತ್ತಿದ್ದಾಳೆ. ತರಬೇತಿ ನೋಡಿಕೊಳ್ಳುವ ಸಾಹೇಬರು ಮೇಡಂ ಅವರನ್ನು ಕರೆಸಿದರು.

“ನಾಟಕ ಗೀಟಕ ಬೇಡ. ಪರದೆ ಮೇಲೆ ನಾಲ್ಕು ಚಿತ್ರ ತೋರಿಸಿ ಕಳಿಸಿ.”

“ಸಾರ್, ಪರದೆ ಮೇಲಿರೋನು ಕಾಲರ್ ಹಿಡಿಯಲ್ಲ. ನಾನು ಯಾವ ಪಕ್ಷದ ಹೆಸರೂ ಎತ್ತಲ್ಲ. ಪುಢಾರಿ ಅಂದ್ರೆ ತನ್ನನ್ನೇ ಅಂದ್ಕೊಂಡ್ರೆ ತಪ್ಪು ಯಾರದು?”

ಮರುದಿನವೇ ತರಬೇತುದಾರರ ಪಟ್ಟಿಯಿಂದ ಮೇಡಂ ಹೊರಗೆ. ತರಬೇತಿ ನಡೆಸುತ್ತಿದ್ದ ಸಭಾಂಗಣದ ಬಾಗಿಲು ಅವರಿಗೆ ಮುಚ್ಚಿತು. ಅವರು ಹೆಡ್‌ಮಾಸ್ಟರ ಹತ್ತಿರ ಹೋಗಿ, ಬೆಳಿಗ್ಗೆ ಬೆಳಿಗ್ಗೆ ಮೈದಾನದಲ್ಲಿ ದೊಡ್ಡವರು ಆಟ ಆಡಬಹುದೇ ಎಂದು ಕೇಳಿದರು. ಆಟಕ್ಕೆ ಬೇಡವೆನ್ನಲು ಹೆಡ್‌ಮಾಸ್ಟರಿಗೆ ಯಾವ ನೆವವೂ ಸಿಗಲಿಲ್ಲ.

ಆಗ ಬಂದವರಲ್ಲಿ ಗ್ರಂಥಾಲಯದ ಗುಮಾಸ್ತರೂ ಒಬ್ಬರು. ಸದ್ದು ಮಾಡಬೇಡಿ ಎಂದು ಪಿಸುಗುಟ್ಟುವುದೇ ಅವರ ಹೊಟ್ಟೆಪಾಡು. ಕಂಡಕ್ಟರ್ ಮೇಜು ಗುದ್ದಿದ ಮೊದಲ ದಿನ ಅವರ ಕಣ್ಣಲ್ಲಿ ನೀರು ಬಂತು. ಮೇಡಂ ಅವರನ್ನು ಮನೆಗೆ ಕಳಿಸಲಿಲ್ಲ, ಮುಖ ತೊಳೆದುಕೊಂಡು ಬರಲು ಹೇಳಿ ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರು.

ಚುನಾವಣೆಯ ದಿನ ಆ ಗುಮಾಸ್ತರ ಮತಗಟ್ಟೆಗೇ ಸದಸ್ಯರ ಭಾವಮೈದುನ ಬಂದ. ಹೆಂಗಸರ ಸಾಲಿನಿಂದ ಒಬ್ಬೊಬ್ಬರನ್ನೇ ಮರೆಯವರೆಗೆ ಕರೆದೊಯ್ದು ಎಲ್ಲಿ ಗುರುತು ಹಾಕಬೇಕೆಂದು ತೋರಿಸತೊಡಗಿದ. ಗುಮಾಸ್ತರು ಎದ್ದರು. “ಆಗಲ್ಲ, ಹೊರಗೆ ನಡೀರಿ” ಎಂದರು. ಆತ ಕಾಲರಿಗೆ ಕೈ ಹಾಕಿದ. ಗುಮಾಸ್ತರು ಮತಪೆಟ್ಟಿಗೆಯ ಬಾಯಿ ಮುಚ್ಚಿ, ಮತದಾನ ನಿಲ್ಲಿಸಿರುವುದಾಗಿ ಬೀದಿಗೆ ಕೇಳುವಂತೆ ಕೂಗಿದರು. ಪೊಲೀಸರು ಬಂದು ಅವನನ್ನು ಕರೆದೊಯ್ಯುವವರೆಗೂ ಪೆಟ್ಟಿಗೆಯ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ಮತದಾನ ಮುಂದುವರಿಯಿತು. ಸಾಲಿನಿಂದ ಯಾರೂ ಮನೆಗೆ ಹೋಗಿರಲಿಲ್ಲ.

ಗೆದ್ದದ್ದು ಮಾತ್ರ ಅದೇ ಸದಸ್ಯರು. ಹರಿದ ಅಂಗಿಯ ಗುಮಾಸ್ತರು ಮೇಡಂ ಮನೆ ಬಾಗಿಲಿಗೆ ಬಂದು, “ಇಷ್ಟೆಲ್ಲ ಮಾಡಿ ಏನು ಬಂತು ಮೇಡಂ?” ಎಂದು ಕೇಳಿದರು.

“ಅವರು ಗೆದ್ದರೆ ಗೆಲ್ಲಲಿ. ಯಾರು ಗೆಲ್ಲಬೇಕು ಅನ್ನೋದು ನಮ್ಮ ಕೆಲಸ ಅಲ್ಲ” ಎಂದರು ಮೇಡಂ. “ಕದ್ದು ಗೆದ್ರಾ, ಕೇಳಿ ಗೆದ್ರಾ, ಅದು ನಮ್ಮ ಕೆಲಸ. ನಿಮ್ಮ ಬೂತಲ್ಲಿ ಅವರು ಕೇಳಿ ಗೆದ್ದಿದಾರೆ. ಒಳಗೆ ಬನ್ನಿ, ಟೀ ಕುಡೀರಿ.” ಅತ್ತೆ ಅಂಗಿ ಬಿಚ್ಚಿಸಿಕೊಂಡು ಹೊಲಿದುಕೊಟ್ಟರು.

ಈಗ ಬಿಸಿಲು ಏರಿದೆ. ಎಲ್ಲರೂ ತಂತಮ್ಮ ಕೆಲಸಕ್ಕೆ ಓಡುತ್ತಿದ್ದಾರೆ. ನಿಮಗೇನು ಆಸೆ ಎಂದು ಕೇಳುತ್ತೇನೆ. ಮೇಡಂ ಹಗ್ಗ ಸುತ್ತುತ್ತಲೇ ಹೇಳುತ್ತಾರೆ: “ಚುನಾವಣೆ ಮಾರನೇ ದಿನ ನಿಮ್ಮ ಪೇಪರಲ್ಲಿ ನಮ್ಮ ಬೂತುಗಳ ಬಗ್ಗೆ ಒಂದು ಸಾಲೂ ಬರಬಾರದು. ಏನೂ ನಡೀಲಿಲ್ಲ ಅಂತ ಸಂಪಾದಕರು ಬೈಕೋಬೇಕು. ಅಷ್ಟೇ.”

ಹಾಗಾದರೆ ಈ ಲೇಖನವನ್ನೂ ಬರೆಯುವುದು ಬೇಡವೇ?

ಮೇಡಂ ಹಗ್ಗದ ಸುರುಳಿಯನ್ನು ಹೆಗಲಿಗೇರಿಸುತ್ತಾರೆ. “ಇದನ್ನ ಬರೀರಿ” ಎನ್ನುತ್ತಾರೆ. “ನಮ್ಮ ಸಾಹೇಬ್ರು ಭಾನುವಾರದ ಪುರವಣಿ ತಪ್ಪದೇ ಓದ್ತಾರೆ.”