ಅತ್ತೆ ನೋಡಿದ ಬೆಂಗಳೂರು

ಅತ್ತೆಯ ಬೆರಳ ತುದಿಗಳು ಸದಾ ಬೆಂದು ಬೆಳ್ಳಗಾಗಿ ನೆರಿಗೆಗಟ್ಟಿರುತ್ತಿದ್ದವು. ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯವರು. ನೆಂಟಸ್ತಿಕೆ ಏನೂ ಇರಲಿಲ್ಲ, ಆದರೂ ಚಿಕ್ಕಂದಿನಿಂದ ನನ್ನ ಬಾಯಿಗೆ ಬಂದದ್ದು ಅತ್ತೆ ಎಂದೇ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನಲ್ಲಿ ಕೈಯಾಡಿಸಿ ರೇಷ್ಮೆಗೂಡಿನ ಎಳೆ ಬಿಚ್ಚುವ ಕೆಲಸ. ಎಲ್ಲಾದರೂ ಹೆಬ್ಬೆಟ್ಟು ಒತ್ತಿದರೆ ಗೆರೆಯೇ ಮೂಡದೆ ಬರೀ ಮಸಿಯ ಬೊಟ್ಟು ಬೀಳುತ್ತಿತ್ತು. ಅದನ್ನು ತೋರಿಸಿ ತಾವೇ ನಗುತ್ತಿದ್ದರು. ಗೂಡಿನ ಎಳೆಗೆ ತುದಿ ಸಿಕ್ಕರೆ ಮಿಕ್ಕದ್ದು ತಾನೇ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಯಾರು ಏನು ಕಷ್ಟ ಹೇಳಿಕೊಂಡರೂ ಅವರದು ಒಂದೇ ಪ್ರಶ್ನೆ: "ತುದಿ ಸಿಕ್ತಾ?" ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದು ಮೂಲೆ ಸೇರಿದಾಗಲೂ ಹಾಗೇ ಕೇಳಿ, ಪುಸ್ತಕ ಮುಂದಿಟ್ಟು, ಪಾಸಾಗುವವರೆಗೆ ಬೆನ್ನು ಬಿಡಲಿಲ್ಲ.

ಅವರು ಬೆಂಗಳೂರು ಕಂಡಿರಲಿಲ್ಲ. ನಾನು ಅಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ, ಒಂದು ಡಿಸೆಂಬರಿನಲ್ಲಿ ಹೊರಟೇಬಿಟ್ಟರು. ವಿಧಾನಸೌಧ, ಲಾಲ್‌ಬಾಗು ಎಲ್ಲ ನೆಪ. ತಮ್ಮ ಕೈಯಿಂದ ಹೋದ ಎಳೆ ಸೀರೆಯಾದ ಮೇಲೆ ಹೇಗಿರುತ್ತದೆಂದು ದೊಡ್ಡ ಅಂಗಡಿಯಲ್ಲಿ ಮುಟ್ಟಿ ನೋಡಬೇಕು, ಅಷ್ಟೇ ಆಸೆ.

ಸೈಕ್ಲೋನ್ ಮಳೆ ಹಿಡಿದಿತ್ತು, ಮೇಲೆ ಕೊರೆಯುವ ಚಳಿ. ಒಂದೇ ಕೊಡೆಯಡಿ ನಿಂತು ವಿಧಾನಸೌಧ ನೋಡಿದೆವು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅತ್ತೆ ಕತ್ತೆತ್ತಿ, ಇಷ್ಟು ಗಾಜು ಒರೆಸುವವರು ಯಾರೆಂದು ಕೇಳಿದರು. ಅವರ ಶಾಲು ನೆನೆದಂತೆಲ್ಲ ಸತ್ತ ರೇಷ್ಮೆಹುಳದ ವಾಸನೆ ಏಳುತ್ತಿತ್ತು. ಊರಲ್ಲಿ ನನ್ನ ಮೂಗಿಗೆ ಎಂದೂ ತಟ್ಟದಿದ್ದ ವಾಸನೆ. ಸಿಟಿ ಬಸ್ಸಿನಲ್ಲಿ ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೋದಳು. ನನಗೆ ನಾಚಿಕೆಯಾಯಿತು, ಅವಳ ಬಗ್ಗೆ ಅಲ್ಲ, ಅತ್ತೆಯ ಬಗ್ಗೆ.

ಸೀರೆಯಂಗಡಿಯ ಬಾಗಿಲಲ್ಲಿ, "ಇಲ್ಲೇ ಇರಿ ಅತ್ತೆ, ರಶ್ಶಿದ್ಯಾ ನೋಡ್ಕೊಂಡ್ ಬರ್ತೀನಿ" ಎಂದೆ. ಒಳಗೆ ನಾಲ್ಕೇ ಜನ ಗಿರಾಕಿಗಳು. ಸುಮ್ಮನೆ ಒಂದು ಸುತ್ತು ಹಾಕಿ ಬಂದು, ಕಾಲಿಡಲೂ ಜಾಗವಿಲ್ಲ ಎಂದು ಸುಳ್ಳು ಹೇಳಿದೆ. ಅದು ಗಾಜಿನ ಬಾಗಿಲು. ಒಳಗೆ ಎಷ್ಟು ಜನರೆಂದು ಅವರಿಗೂ ಕಂಡಿತ್ತು. ನಾನು ಹೊರಬರುವಷ್ಟರಲ್ಲೇ ಅವರು ಮೆಟ್ಟಿಲಿಳಿದು ಮಳೆಯಲ್ಲೇ ನಿಂತಿದ್ದರು.

"ಇರ್ಲಿ ಬಿಡಮ್ಮ. ಮಳೇಲಿ ನನ್ ವಾಸ್ನೆ ಜಾಸ್ತಿ."

ಊರಿನ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ, ಆ ಚಳಿಯಲ್ಲೂ ಕಿಟಕಿ ತೆರೆದು ಒಬ್ಬರೇ ಕೂತರು.

ಮುಂದಿನ ವಾರ ನಾನು ಊರಿಗೆ ಹೋದರೆ ಅತ್ತೆ ಬೀದಿಗೆಲ್ಲ ಬೇರೆಯೇ ಕಥೆ ಹೇಳಿದ್ದರು. ಅಂಗಡಿಯವರು ಮೆತ್ತನೆಯ ಹಾಸಿನ ಮೇಲೆ ಕೂರಿಸಿದರಂತೆ, ಒಂದೊಂದೇ ಸೀರೆ ಬಿಚ್ಚಿ ಹರವಿದರಂತೆ. "ನಮ್ ಹುಡ್ಗಿ ಒಳಗಡೆ ಕರ್ಕೊಂಡೋಗಿ ಎಲ್ಲಾ ತೋರಿಸಿದ್ಲು" ಎಂದು ನನ್ನೆದುರೇ ಅಮ್ಮನಿಗೆ ಹೇಳಿದರು. ನನ್ನ ಮಾನ ಕಾಯುತ್ತಿದ್ದಾರೆಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ಎಷ್ಟೋ ಸಲ ತಪ್ಪಾಯಿತು ಎನ್ನಲು ಹೋಗಿ, ರಾಗಿ, ಮಳೆ ಎಂದು ಮಾತಾಡಿ ವಾಪಸಾದೆ. ಮಾತಿನ ತುದಿ ಸಿಗಲಿಲ್ಲ. ಇನ್ನೊಮ್ಮೆ ಕರೆದೊಯ್ಯುತ್ತೇನೆ ಎಂದುಕೊಳ್ಳುತ್ತಲೇ ವರ್ಷಗಳು ಹೋದವು.

ಅತ್ತೆ ತೀರಿಕೊಂಡ ದಿನ, ನಾನು ಕೆಲಸದಲ್ಲಿದ್ದ ಚಿಂತಾಮಣಿಯಿಂದ ಓಡಿಬಂದೆ. ಎದುರುಮನೆಯಾಕೆ ನನ್ನ ಕೈ ಹಿಡಿದುಕೊಂಡು, "ಅವರ ಆಸೆ ನೀನಾದ್ರೂ ತೀರಿಸ್ದೆಯಲ್ಲಮ್ಮ, ಆ ಸೀರೆ ಅಂಗ್ಡಿ ವಿಷ್ಯ ನಿನ್ನೆ ಕೂಡ ಹೇಳ್ತಿದ್ರು" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.